ಎಲೆಯ ಬೆನ್ನ ಮೇಲಿನ ಕೂದಲು

ಕೇಳುಗರೇ, ನಮಸ್ಕಾರ. ಹಿತ್ತಲಿನ ದೊಡ್ಡಪತ್ರೆ ಎಲೆಯನ್ನು ಸುಮ್ನೆ ಬೆರಳಿಂದ ಸವರಿ, ಬೆರಳು ಮೂಸಿ ನೋಡಿ. ಘಮ್ ಅನ್ನುತ್ತದೆ, ಅಲ್ವಾ? ಎಲೆ ಹರಿದಿಲ್ಲ, ರಸ ಬಂದಿಲ್ಲ. ಆ ವಾಸನೆ ಇದ್ದದ್ದು ಎಲೆ ಮೇಲಿನ ಕೂದಲಿನಲ್ಲಿ.

ತುಳಸಿ ಕುಟುಂಬದ ಬಹಳಷ್ಟು ಗಿಡಗಳು ಹೀಗೇ. ಸಾಲ್ವಿಯಾ ಅನ್ನುವ ಗಿಡಗಳ ಗುಂಪು ಕೂಡ ಇದೇ ಕುಟುಂಬದ್ದು. ದಸರಾ ಫಲಪುಷ್ಪ ಪ್ರದರ್ಶನಕ್ಕೆ ಮೈಸೂರಿನ ಕುಪ್ಪಣ್ಣ ಪಾರ್ಕಿಗೆ ಹೋದವರು ಕೆಂಪು ಸಾಲ್ವಿಯಾ ನೋಡಿರುತ್ತೀರಿ. ಹೆಗ್ಗಡದೇವನಕೋಟೆ ಕಡೆ ರೈತರು ಬೆಳೆಯುವ ಚಿಯಾ, ನೆನೆಸಿದರೆ ಲೋಳೆ ಬಿಡುತ್ತದಲ್ಲ, ಅದೂ ಸಾಲ್ವಿಯಾನೇ. ಪರದೇಶದವರು ಅಡುಗೆಗೆ ಹಾಕುವ ಸೇಜ್ ಸೊಪ್ಪು ಮೂರನೆಯದು. ನನ್ನ ಕುಂಡದಲ್ಲಿ ಒಂದಿದೆ. ಮಳೆಗಾಲ ಬಂದರೆ ಅದಕ್ಕೆ ಮುಖ ಬಾಡುತ್ತದೆ.

ಕೂದಲಿನಲ್ಲಿ ಎರಡು ಜಾತಿ. ಒಂದು ಬರೀ ಚೂಪು ಕೂದಲು. ಇನ್ನೊಂದಕ್ಕೆ ಗುಂಡು ತಲೆ. ಆ ತಲೆಯ ಮೇಲೆ ತೆಳ್ಳನೆ ಪೊರೆ, ಪೊರೆಯ ಕೆಳಗೆ ಎಣ್ಣೆ. ಮುಟ್ಟಿದರೆ ಪೊರೆ ಒಡೆಯುತ್ತದೆ, ವಾಸನೆ ಹೊರಗೆ ಬರುತ್ತದೆ. ತಲೆಯ ಅಗಲ ಹೆಚ್ಚು ಕಡಿಮೆ ನಮ್ಮ ತಲೆಗೂದಲಿನ ದಪ್ಪದಷ್ಟು.

ಈ ಗಿಡಗಳ ಕೂದಲನ್ನು ಮೊದಲ ಸಲ ಹೋಲಿಸಿದಾಗ ನಾನು ಎಡವಿದೆ. ಚಿಯಾದ ಕುಡಿ ಎಲೆ ತಗೊಂಡೆ, ಕೆಂಪು ಸಾಲ್ವಿಯಾದ ಬಲಿತ ಎಲೆ ತಗೊಂಡೆ. ‘ಚಿಯಾದಲ್ಲಿ ಕೂದಲು ವಿಪರೀತ ಜಾಸ್ತಿ’ ಅಂತ ಪುಸ್ತಕದಲ್ಲಿ ಬರೆದೂ ಬಿಟ್ಟೆ. ಕೂದಲು ಹುಟ್ಟುವುದು ಬಹುಪಾಲು ಎಲೆ ಎಳೆಯದಾಗಿದ್ದಾಗಲೇ. ಆಮೇಲೆ ಎಲೆ ಹಿಗ್ಗುತ್ತದೆ, ಕೂದಲು ದೂರ ದೂರವಾಗುತ್ತವೆ. ಹಪ್ಪಳದ ಉಂಡೆಯಲ್ಲಿ ಒತ್ತೊತ್ತಾಗಿದ್ದ ಜೀರಿಗೆ, ಲಟ್ಟಿಸಿದ ಮೇಲೆ ಚದುರುತ್ತದಲ್ಲ, ಹಾಗೆ. ಅಳೆಯುವವರು ಇದನ್ನು ಮರೆತರೆ ಲೆಕ್ಕವೆಲ್ಲ ದಂಡ. ಈಗ ಯಾವ ಗಿಡವಾದರೂ ತುದಿಯಿಂದ ಮೂರನೇ ಜೋಡಿ ಎಲೆಯನ್ನೇ ಕೀಳುತ್ತೇನೆ.

ಹಾಗೆ ನೋಡಿದರೂ ಮೂರೂ ಬೇರೆ ಬೇರೆಯೇ. ಕೆಂಪು ಸಾಲ್ವಿಯಾದ ತವರು ಬ್ರೆಜಿಲ್‌ನ ತೇವದ ಬೆಟ್ಟಗಳು. ಅದರ ಎಲೆ ಬೋಳು ಬೋಳು, ಅಡಿಯಲ್ಲಿ ಎಣ್ಣೆಯ ಚುಕ್ಕಿಗಳು ಮಾತ್ರ. ಮೆಕ್ಸಿಕೋ ಕಡೆಯಿಂದ ಬಂದ ಚಿಯಾಕ್ಕೆ ಸಣ್ಣ ಮೆತ್ತನೆ ಕೂದಲು. ಸೇಜ್ ಮೆಡಿಟರೇನಿಯನ್ ಸಮುದ್ರದ ಸುತ್ತಲಿನದು. ಅಲ್ಲಿ ಬೇಸಿಗೆಯಲ್ಲಿ ಮಳೆಯೇ ಅಪರೂಪ. ಅದರ ಎಲೆಯ ಅಡಿ ಕಂಬಳಿ ಹೊದ್ದ ಹಾಗೆ ಬೆಳ್ಳಗೆ. ಈ ಹೊದಿಕೆ ಬಿಸಿಲು ತಡೆಯುತ್ತದೆ, ಎಲೆಯ ನೀರು ಬೇಗ ಆರದಂತೆ ಕಾಯುತ್ತದೆ.

ಸೇಜ್ ಎಲೆಯಲ್ಲಿ ಎಣ್ಣೆಯ ಚುಕ್ಕಿ ಕಾಣಬೇಕಾದರೆ ಸೂಜಿಯಿಂದ ಆ ಕಂಬಳಿಯನ್ನು ಮೆಲ್ಲಗೆ ಬದಿಗೆ ಸರಿಸಬೇಕು. ಹತ್ತು ಪಟ್ಟು ದೊಡ್ಡದು ಮಾಡುವ ಕೈ ಮಸೂರ ಸಾಕು. ಬಿಳಿ ಕೂದಲಿನ ಬುಡದಲ್ಲಿ ಮಿಣ್ಣಗೆ ಹೊಳೆಯುವ ಪುಟ್ಟ ಪುಟ್ಟ ಗುಂಡುಗಳು ಕಾಣುತ್ತವೆ. ಕೈ ನಡುಗಿ ಸೂಜಿ ಒಂದಕ್ಕೆ ತಾಗಿತೋ, ಮೊದಲು ಗೊತ್ತಾಗುವುದು ಕಣ್ಣಿಗಲ್ಲ, ಮೂಗಿಗೆ.