ಅಡಾಪ್ಟಿವ್ ಕ್ರೂಸ್ ಕಂಟ್ರೋಲ್‌ಗೆ ದುಡ್ಡು ಹಾಕಬೇಕಾ?

ಎಲ್ಲರಿಗೂ ನಮಸ್ಕಾರ.

ಹೊಸ ಕಾರು ನೋಡಲು ಹೋದವರಿಗೆಲ್ಲ ಈ ಅನುಭವ ಆಗಿರುತ್ತದೆ. ಬಣ್ಣ ಆಯ್ತು, ಎಂಜಿನ್ ಆಯ್ತು, ಸೀಟೂ ಆಯ್ತು. ಆಮೇಲೆ ಇನ್ನೊಂದು ಮೇಲಿನ ಮಾಡೆಲ್ ತೋರಿಸುತ್ತಾರೆ. "ಇದರಲ್ಲಿ ಅಡಾಪ್ಟಿವ್ ಕ್ರೂಸ್ ಕಂಟ್ರೋಲ್ ಇದೆ, ಮುಂದಿನ ಗಾಡಿ ನೋಡಿಕೊಂಡು ತಾನೇ ಓಡುತ್ತೆ" ಅನ್ನುತ್ತಾರೆ. ಅಂದರೆ ನಾವು ವೇಗ ಹೇಳಿಟ್ಟರೆ ಸಾಕು, ಮುಂದಿನ ಗಾಡಿಯಿಂದ ಅಂತರ ಕಾಯ್ದುಕೊಂಡು ಕಾರೇ ವೇಗ ಏರಿಸಿ ಇಳಿಸಿ ಮಾಡುತ್ತದೆ. ಅದಕ್ಕೆ ಜಾಸ್ತಿ ದುಡ್ಡು. ಕೊಡಬೇಕಾ, ಬೇಡವಾ? ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಇದೊಂದೇ ಪ್ರಶ್ನೆಯ ಬಗ್ಗೆ. ಈ ವ್ಯವಸ್ಥೆ ಇರುವ ಕಾರನ್ನು ಕೆಲವು ವರ್ಷಗಳಿಂದ ಓಡಿಸುತ್ತಿದ್ದೇನೆ. ನನಗೆ ಅದು ತುಂಬಾ ಇಷ್ಟ. ಆದರೂ ಕಣ್ಣು ಮುಚ್ಚಿಕೊಂಡು ಕೊಂಡುಬಿಡಿ ಅಂತ ಯಾರಿಗೂ ಹೇಳಲಾರೆ.

ಇದರ ಕಥೆ ಶುರುವಾಗುವುದು ಕಣ್ಣು ಕಾಣದ ಒಬ್ಬ ಎಂಜಿನಿಯರ್ ಇಂದ. ಅಮೆರಿಕದ ರಾಲ್ಫ್ ಟೀಟರ್ ಐದು ವರ್ಷದ ಹುಡುಗನಾಗಿದ್ದಾಗಲೇ ಅವಘಡವೊಂದರಲ್ಲಿ ದೃಷ್ಟಿ ಕಳೆದುಕೊಂಡರು. ದೊಡ್ಡವರಾದ ಮೇಲೆ ಒಮ್ಮೆ ತಮ್ಮ ವಕೀಲರ ಕಾರಿನಲ್ಲಿ ಹೋಗುತ್ತಿದ್ದರಂತೆ. ವಕೀಲರು ಮಾತಾಡುವಾಗ ಕಾರು ನಿಧಾನವಾಗುತ್ತಿತ್ತು, ಮಾತು ಕೇಳಿಸಿಕೊಳ್ಳುವಾಗ ಜೋರಾಗುತ್ತಿತ್ತು. ಕಣ್ಣು ಕಾಣದವರಿಗೆ ಆ ಎಳೆದಾಟ ಮೈಗೇ ತಾಗುತ್ತದೆ, ಅಲ್ವಾ? ವೇಗವನ್ನು ಒಂದೇ ಸಮ ಹಿಡಿದಿಡುವ ಸಾಧನಕ್ಕೆ ಟೀಟರ್‌ಗೆ 1950ರಲ್ಲಿ ಪೇಟೆಂಟ್ ಸಿಕ್ಕಿತು. 1958ರಲ್ಲಿ ಕ್ರೈಸ್ಲರ್ ಕಂಪನಿಯ ಕಾರುಗಳಿಗೆ ಅದು ಬಂತು. ಅದೇ ಕ್ರೂಸ್ ಕಂಟ್ರೋಲ್. ಅದಕ್ಕೆ ಮುಂದಿನ ಗಾಡಿಯ ಪರಿವೆ ಇರಲಿಲ್ಲ. 1995ರಲ್ಲಿ ಮಿತ್ಸುಬಿಷಿಯ ಡಯಾಮಂಟೆ ಕಾರು ಲೇಸರ್‌ನಿಂದ ಮುಂದಿನ ಗಾಡಿಯ ದೂರ ಅಳೆದು ತಾನೇ ನಿಧಾನವಾಗಲು ಕಲಿಯಿತು. ಆದರೆ ಬ್ರೇಕ್ ಮುಟ್ಟುತ್ತಿರಲಿಲ್ಲ. ಆಕ್ಸಿಲರೇಟರ್ ಬಿಡುವುದು, ಗೇರ್ ಇಳಿಸುವುದು, ಅಷ್ಟೇ. 1999ರಲ್ಲಿ ಮರ್ಸಿಡಿಸ್‌ನ ಎಸ್-ಕ್ಲಾಸ್‌ನಲ್ಲಿ ರಾಡಾರ್ ಬಂತು, ಬ್ರೇಕೂ ಜೊತೆಗೂಡಿತು. ಈಗ ನಮಗೆ ಮಾರುತ್ತಿರುವುದು ಆ ವಂಶದ್ದೇ.

ಈ ಹಳೆಯ ಕಥೆ ಹೇಳಿದ್ದಕ್ಕೆ ಕಾರಣ ಇದೆ. ಈ ಸಾಧನ ಹುಟ್ಟಿದ್ದು ಪ್ರಯಾಣದ ಸುಖಕ್ಕಾಗಿ. ಅಪಘಾತ ತಪ್ಪಿಸುವುದು ಬೇರೆ ಸಾಧನದ ಕೆಲಸ. ಅದು ಸ್ವಯಂಚಾಲಿತ ತುರ್ತು ಬ್ರೇಕ್. ನೀವು ಸುಮ್ನೆ ಓಡಿಸುತ್ತಿದ್ದರೂ ಅದು ಹಿನ್ನೆಲೆಯಲ್ಲಿ ಕಾಯುತ್ತಿರುತ್ತದೆ. ಇನ್ನೇನು ಗುದ್ದಿಬಿಡುತ್ತೇವೆ ಅನ್ನುವಾಗ ಪೂರ್ತಿ ಬಲದಿಂದ ಬ್ರೇಕ್ ಒತ್ತುತ್ತದೆ. ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ ಐಐಎಚ್ಎಸ್ ಲೆಕ್ಕ ಹಾಕಿದಂತೆ, ಈ ತುರ್ತು ಬ್ರೇಕ್ ಇರುವ ಕಾರುಗಳು ಮುಂದಿನ ಗಾಡಿಗೆ ಗುದ್ದುವುದು ಸುಮಾರು ಅರ್ಧದಷ್ಟು ಕಡಿಮೆ. ಹಾಗಾಗಿ ಎರಡರಲ್ಲಿ ಒಂದಕ್ಕೆ ಮಾತ್ರ ದುಡ್ಡು ಇದ್ದರೆ ನನ್ನ ಉತ್ತರ ಖಡಾಖಂಡಿತ: ತುರ್ತು ಬ್ರೇಕ್ ಕೊಳ್ಳಿ. ಎಷ್ಟೋ ಸಲ ಎರಡನ್ನೂ ಒಂದೇ ಪ್ಯಾಕೇಜ್‌ನಲ್ಲಿ ಕಟ್ಟಿ ಕೊಡುತ್ತಾರೆ. ಆಗಲೂ ಯಾವುದಕ್ಕೆ ದುಡ್ಡು ಕೊಡುತ್ತಿದ್ದೀರಿ ಅಂತ ಬಿಡಿಸಿ ಕೇಳಿ.

ಈಗ ಒಂದು ವಿಷಯದ ಹತ್ತಿರ ಹೋಗಿ ನೋಡೋಣ. ಇದು ಗೊತ್ತಿಲ್ಲದೆ ಯಾರೂ ಈ ಬಟನ್ ಒತ್ತಬಾರದು ಅನ್ನುವಷ್ಟು ನನಗೆ ಇದು ಮುಖ್ಯ.

ಒಮ್ಮೆ ಹೆದ್ದಾರಿಯಲ್ಲಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದೆ. ಮುಂದೆ ಒಂದು ದೊಡ್ಡ ವ್ಯಾನ್. ನನ್ನ ಕಾರು ಅದರ ಹಿಂದೆ ಶಿಸ್ತಾಗಿ ಹೋಗುತ್ತಿತ್ತು. ಇದ್ದಕ್ಕಿದ್ದಂತೆ ವ್ಯಾನ್ ಪಕ್ಕದ ಲೇನ್‌ಗೆ ಸರಿಯಿತು. ಮುಂದೆ ಗಾಡಿ ಇದೆ ಅಂತ ಡ್ಯಾಶ್‌ಬೋರ್ಡ್ ಮೇಲೆ ತೋರಿಸುತ್ತಿದ್ದ ಪುಟ್ಟ ಕಾರಿನ ಚಿತ್ರ ಮಾಯವಾಯಿತು. ಎದುರಿಗೆ, ನನ್ನದೇ ಲೇನ್‌ನಲ್ಲಿ, ಕೆಟ್ಟು ನಿಂತ ಲಾರಿ. ನನ್ನ ಕಾರು ಏನು ಮಾಡಿತು ಗೊತ್ತಾ? ಮುಂದಿನ ವ್ಯಾನ್ ಹೋಯಿತಲ್ಲ, ದಾರಿ ಖಾಲಿ ಅಂದುಕೊಂಡು ಎಂಜಿನ್ ಸದ್ದು ಏರಿಸಿತು. ಜೀವ ಬಾಯಿಗೆ ಬಂತು. ನನ್ನ ಕಾಲು ಆಗಲೇ ಬ್ರೇಕ್ ಮೇಲೆ ಇದ್ದದ್ದರಿಂದ ಉಳಿದೆ.

ಹೀಗೇಕಾಯಿತು? ಆಮೇಲೆ ಕಾರಿನ ಕೈಪಿಡಿ ತೆಗೆದು ಓದಿದೆ. ನಿಂತ ಗಾಡಿಗಳನ್ನು ಇದು ಗುರುತಿಸದೆ ಇರಬಹುದು ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಕಾರಣವೂ ಸರಳ. ರಾಡಾರ್ ಅಲೆ ಮುಂದಿನ ವಸ್ತುವಿಗೆ ಬಡಿದು ವಾಪಸ್ ಬರುತ್ತದೆ. ಹೋಗಿ ಬರಲು ಹಿಡಿದ ಸಮಯದಿಂದ ದೂರ ಗೊತ್ತಾಗುತ್ತದೆ, ಅಲೆಯ ಕಂಪನದಲ್ಲಾದ ಬದಲಾವಣೆಯಿಂದ ವೇಗ ಗೊತ್ತಾಗುತ್ತದೆ. ನಾವು 100ರಲ್ಲಿ ಹೋಗುವಾಗ ಲೋಕದಲ್ಲಿ ನಿಂತಿರುವ ಎಲ್ಲವೂ ನಮ್ಮ ಕಡೆಗೆ 100ರಲ್ಲಿ ಬರುವ ಹಾಗೆಯೇ ರಾಡಾರ್‌ಗೆ ಕಾಣುತ್ತದೆ. ಬೋರ್ಡು, ಸೇತುವೆ, ರಸ್ತೆ ಬದಿಯ ತಡೆಬೇಲಿ, ಎಲ್ಲ. ಅದಕ್ಕೆಲ್ಲ ಬ್ರೇಕ್ ಹಾಕಿದರೆ ಕಾರು ಮುಂದೆ ಹೋಗುವುದೇ ಇಲ್ಲ. ಆದ್ದರಿಂದ ಎಷ್ಟೋ ಕಾರುಗಳಲ್ಲಿ, ಚಲಿಸುತ್ತಿದ್ದದ್ದನ್ನು ಮೊದಲೇ ನೋಡಿರದ ವಸ್ತುವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಮಾಡಿರುತ್ತಾರೆ. ಕ್ಯಾಮೆರಾವೂ ಜೊತೆಗಿರುವ ಹೊಸ ಕಾರುಗಳು ಇದರಲ್ಲಿ ಸುಧಾರಿಸಿವೆ. ಆದರೂ ಕೈಪಿಡಿಗಳಲ್ಲಿ ಆ ಎಚ್ಚರಿಕೆ ಹಾಗೇ ಇದೆ.

ಇನ್ನೊಂದು ಲೆಕ್ಕವನ್ನೂ ನೋಡಿ. ಗಂಟೆಗೆ 100 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಒಣಗಿದ ರಸ್ತೆಯಲ್ಲಿ ನೀವು ಬ್ರೇಕ್ ಬಲವಾಗಿ ತುಳಿದರೆ 50 ಮೀಟರ್ ಆಸುಪಾಸಿನಲ್ಲಿ ಕಾರು ನಿಲ್ಲುತ್ತದೆ. ಕಾಲು ಬ್ರೇಕ್‌ಗೆ ಬರಲು ಹಿಡಿಯುವ ಸಮಯ ಬೇರೆ. ಆದರೆ ಕ್ರೂಸ್ ಕಂಟ್ರೋಲ್ ಬ್ರೇಕ್ ಹಾಕುವುದು ಮೆತ್ತಗೆ. ಹೆಚ್ಚೂಕಡಿಮೆ ಅದರ ಅರ್ಧ ಬಲದಲ್ಲಿ. ಅದಕ್ಕೆ ಅದೇ ವೇಗದಿಂದ ನಿಲ್ಲಲು ನೂರು ಮೀಟರ್‌ಗಿಂತ ಜಾಸ್ತಿ ಬೇಕು. ಅದಕ್ಕೇ ನಾನು ಮುಂದಿನ ಗಾಡಿಯಿಂದ ಇರಬೇಕಾದ ಅಂತರವನ್ನು ಯಾವಾಗಲೂ ದೊಡ್ಡದಕ್ಕೇ ಇಟ್ಟುಕೊಳ್ಳುತ್ತೇನೆ. ಸ್ಟೇರಿಂಗ್ ಮೇಲೆ ಮೂರೋ ನಾಲ್ಕೋ ಗೆರೆಗಳ ಒಂದು ಬಟನ್ ಇರುತ್ತದೆ. ಚಿಕ್ಕ ಅಂತರ ಅಂದರೆ ಕಾರು ಸುಮಾರು ಒಂದು ಸೆಕೆಂಡಿನಲ್ಲಿ ಸಾಗುವಷ್ಟು ದೂರ, ದೊಡ್ಡದು ಅಂದರೆ ಎರಡು ಸೆಕೆಂಡಿನಷ್ಟು ಅಥವಾ ಸ್ವಲ್ಪ ಜಾಸ್ತಿ. ದೊಡ್ಡ ಅಂತರ ಇಟ್ಟರೆ ಪಕ್ಕದವರು ನುಗ್ಗುತ್ತಾರೆ ಅಂತ ಹಲವರ ದೂರು. ನುಗ್ಗುತ್ತಾರೆ, ನಿಜ. ನುಗ್ಗಲಿ ಬಿಡಿ. ಕಾರು ಮತ್ತೆ ಹಿಂದೆ ಸರಿದುಕೊಳ್ಳುತ್ತದೆ, ನಿಮಗೆ ಅರ್ಧ ನಿಮಿಷವೂ ನಷ್ಟ ಆಗುವುದಿಲ್ಲ.

ಇಷ್ಟೆಲ್ಲ ಹೆದರಿಸಿ, ಮತ್ತೆ ಇಷ್ಟ ಅಂತೀರಲ್ಲ ಅನ್ನಬಹುದು. ಇಷ್ಟವೇ. ಐದು ಗಂಟೆ ಓಡಿಸಿ ಇಳಿದಾಗ ಬಲಗಾಲು ಹೇಗಿರುತ್ತದೆ ಅಂತ ನೆನಪಿಸಿಕೊಳ್ಳಿ. ಹಿಮ್ಮಡಿ ಊರಿ, ಪಾದವನ್ನು ಒಂದು ಕೂದಲೆಳೆ ಎತ್ತುವುದು, ಒಂದು ಕೂದಲೆಳೆ ಒತ್ತುವುದು. ಗಂಟೆಗಟ್ಟಲೆ ಇದೇ. ಮೊಣಕಾಲು ಬಿಗಿದುಕೊಳ್ಳುತ್ತದೆ, ಸೊಂಟ ಒಂದು ಕಡೆಗೆ ವಾಲುತ್ತದೆ. ಜೊತೆಗೆ ಸ್ಪೀಡೋಮೀಟರ್ ಕಡೆ ಮತ್ತೆ ಮತ್ತೆ ಕಣ್ಣು. ಕ್ರೂಸ್ ಕಂಟ್ರೋಲ್ ಹಾಕಿದಾಗ ಈ ಕೂಲಿ ಕೆಲಸ ತಪ್ಪುತ್ತದೆ. ಎರಡು ಪಾದವನ್ನೂ ಸಮನಾಗಿ ಊರಿ ಕೂರಬಹುದು. ಕಣ್ಣು ದೂರದ ರಸ್ತೆಗೆ ಹೋಗುತ್ತದೆ. ನಾಲ್ಕು ಗಾಡಿ ಆಚೆ ಬ್ರೇಕ್ ಲೈಟ್ ಹತ್ತಿದ್ದೂ ಕಾಣುತ್ತದೆ. ಇಳಿದ ಮೇಲೆ ಮನೆಯವರ ಜೊತೆ ಮಾತಾಡುವಷ್ಟು ತ್ರಾಣ ಉಳಿದಿರುತ್ತದೆ. ಇದಕ್ಕೆ ದುಡ್ಡು ಕೊಟ್ಟದ್ದು ನನಗೆ ಯಾವತ್ತೂ ದಂಡ ಅನ್ನಿಸಿಲ್ಲ.

ಆದರೆ ಉಳಿದ ಆ ಗಮನವನ್ನು ಎಲ್ಲಿ ಹಾಕುತ್ತೇವೆ ಅನ್ನುವುದು ನಮ್ಮ ಕೈಯಲ್ಲಿದೆ. ಫೋನಿಗೆ ಹಾಕಿದರೆ ಇದ್ದದ್ದೂ ಹೋಯಿತು. ಐಐಎಚ್ಎಸ್ 2021ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿತು. ಈ ಥರದ ವ್ಯವಸ್ಥೆ ಹಾಕಿಕೊಂಡಾಗ ಚಾಲಕರು ವೇಗದ ಮಿತಿ ಮೀರುವ ಸಾಧ್ಯತೆ 24% ಜಾಸ್ತಿ ಅಂತ ಅದರಲ್ಲಿ ಕಂಡಿತು. ವೇಗದ ಅಂಕಿ ಒತ್ತುವುದು ನಮ್ಮ ಬೆರಳೇ ತಾನೇ.

ಹಾಗಾದರೆ ಯಾರು ಕೊಳ್ಳಬೇಕು? ನಾನು ಕೊಳ್ಳುವ ಮೊದಲು ಎರಡು ವಾರ ಒಂದು ಚೀಟಿ ಇಟ್ಟುಕೊಂಡಿದ್ದೆ. ಪ್ರತಿ ಸಲ ಇಳಿದ ಮೇಲೆ ಎರಡೇ ಅಂಕಿ ಬರೆಯುತ್ತಿದ್ದೆ: ಒಟ್ಟು ಎಷ್ಟು ನಿಮಿಷ ಓಡಿಸಿದೆ, ಅದರಲ್ಲಿ ತಡೆಯಿಲ್ಲದೆ ಸಾಗುವ ರಸ್ತೆಯಲ್ಲಿ ಎಷ್ಟು ನಿಮಿಷ. ನೀವೂ ಬರೆದು ನೋಡಿ. ವಾರಕ್ಕೆ ಮೂರು ನಾಲ್ಕು ಗಂಟೆ ಅಂಥ ರಸ್ತೆ ಇದ್ದರೆ ಧಾರಾಳವಾಗಿ ಕೊಳ್ಳಿ. ಸಿಗ್ನಲ್‌ನಿಂದ ಸಿಗ್ನಲ್‌ಗೆ, ಓಣಿಯಿಂದ ಓಣಿಗೆ ಮಾತ್ರ ನಿಮ್ಮ ಓಡಾಟ ಅಂದರೆ ಆ ಬಟನ್ ಧೂಳು ಹಿಡಿಯುತ್ತದೆ. ತಿರುವು ಜಾಸ್ತಿ ಇರುವ ದಾರಿಯಲ್ಲೂ ಇದು ತಡವರಿಸುತ್ತದೆ. ತಿರುವಿನಲ್ಲಿ ಮುಂದಿನ ಗಾಡಿ ಕೈತಪ್ಪುತ್ತದೆ, ಪಕ್ಕದ ಲೇನ್‌ನ ಗಾಡಿ ನೋಡಿ ನಮ್ಮ ಕಾರು ಬ್ರೇಕ್ ಹಾಕುತ್ತದೆ. ಬೈಕಿನಂಥ ಸಣ್ಣ ಗಾಡಿ ಕಣ್ತಪ್ಪುವುದೂ ಉಂಟು. ದಿನಾ ನಿಂತು ನಿಂತು ಸಾಗುವ ಉದ್ದನೆಯ ಸಾಲಿನಲ್ಲಿ ಸಿಕ್ಕಿಕೊಳ್ಳುವವರಾದರೆ, ಪೂರ್ತಿ ನಿಲ್ಲುವ ತನಕ ಕೆಲಸ ಮಾಡುವ ಮಾದರಿಯೇ ಬೇಕು. ಕೆಲವು ಕಾರುಗಳಲ್ಲಿ ವೇಗ ಒಂದು ಹಂತಕ್ಕಿಂತ ಕೆಳಗಿಳಿದರೆ ಅದು ಕೈ ಬಿಟ್ಟುಬಿಡುತ್ತದೆ.

ಕಾರು ಕೊಂಡ ಮೇಲೆ ಹಾಕಿಸಿಕೊಳ್ಳೋಣ ಅನ್ನುವುದು ಸಾಮಾನ್ಯವಾಗಿ ಆಗದ ಮಾತು. ಇನ್ನೊಂದು ಖರ್ಚೂ ನೆನಪಿರಲಿ. ರಾಡಾರ್ ಇರುವುದು ಮುಂದಿನ ಬಂಪರ್ ಅಥವಾ ಗ್ರಿಲ್ ಹಿಂದೆ, ಕ್ಯಾಮೆರಾ ಇರುವುದು ಮುಂದಿನ ಗಾಜಿಗೆ ಅಂಟಿಕೊಂಡು. ಬಂಪರ್ ಬಿಚ್ಚಿ ಹಾಕಿದರೆ, ಗಾಜು ಬದಲಿಸಿದರೆ, ಅವನ್ನು ಮತ್ತೆ ಸರಿಯಾಗಿ ಹೊಂದಿಸಬೇಕಾಗುತ್ತದೆ.

ಕೊನೆಗೆ ಟೆಸ್ಟ್ ಡ್ರೈವ್. ಷೋರೂಮಿನ ಸುತ್ತ ಒಂದು ಸುತ್ತು ಹಾಕಿದರೆ ಏನೂ ಗೊತ್ತಾಗುವುದಿಲ್ಲ. ನಿಮ್ಮ ದಿನದ ದಾರಿಯಲ್ಲೇ ಓಡಿಸುತ್ತೇನೆ ಅಂತ ಕೇಳಿ. ಒಂದೇ ಹೆಸರಿನ ವ್ಯವಸ್ಥೆ ಒಂದು ಕಾರಿನಲ್ಲಿ ಬೆಣ್ಣೆಯಂತೆ ನಿಧಾನವಾಗುತ್ತದೆ, ಇನ್ನೊಂದರಲ್ಲಿ ಕೊನೆ ಗಳಿಗೆಯಲ್ಲಿ ಗಕ್ಕನೆ ಬ್ರೇಕ್ ಹಾಕಿ ಮತ್ತೆ ಜಗ್ಗಿಕೊಂಡು ಓಡುತ್ತದೆ. ಓಡಿಸುವವರಿಗೆ ಇದು ಅಷ್ಟು ತಿಳಿಯುವುದಿಲ್ಲ, ಎದುರಿನ ರಸ್ತೆ ಕಾಣುತ್ತಿರುತ್ತದಲ್ಲ. ಅದಕ್ಕೆ ಮನೆಯವರೊಬ್ಬರನ್ನು ಕರೆದುಕೊಂಡು ಹೋಗಿ. ಪಕ್ಕದ ಸೀಟಿನಲ್ಲಿ ಕೂರಿಸಿ. ಹತ್ತು ನಿಮಿಷ ಕಣ್ಣು ಮುಚ್ಚಿಕೊಂಡಿರಲು ಹೇಳಿ, ಟೀಟರ್ ಕೂತಿದ್ದ ಹಾಗೆ. ಇಳಿದ ಮೇಲೆ ಅವರನ್ನು ಕೇಳಿ: ಎಷ್ಟು ಸಲ ಮೈ ಮುಂದಕ್ಕೆ ವಾಲಿತು?