ಸೀಲ್ ಅಲ್ಲ ಮಾರಾಯ್ರೆ, ಬ್ರೀದರ್ ನೋಡಿ!

ನಮಸ್ಕಾರ. ಕಳೆದ ವಿಡಿಯೋದ ಕೆಳಗೆ ಕುಮಟಾ ಕಡೆಯವರೊಬ್ಬರು ಕೇಳಿದ್ದಾರೆ: "ಹಿಂದಿನ ಚಕ್ರದ ಆಯಿಲ್ ಸೀಲ್ ಮೂರನೇ ಸಲ ಹಾಕಿಸಿದೆ, ಮತ್ತೆ ಸೋರ್ತಾ ಇದೆ. ಯಾವ ಕಂಪನಿ ಸೀಲ್ ಒಳ್ಳೇದು?" ಅದಕ್ಕೆ ಜನ ಸಾಲಾಗಿ ಕಂಪನಿ ಹೆಸರು ಬರೆದಿದ್ದಾರೆ. ಬ್ರೀದರ್, ಅಂದ್ರೆ ಹಿಂದಿನ ಹೌಸಿಂಗ್ ಒಳಗಿನ ಗಾಳಿ ಹೊರಗೆ ಬಿಡೋ ಸಣ್ಣ ದಾರಿ, ಅದನ್ನ ನೋಡಿದ್ರಾ ಅಂತ ಒಬ್ಬರಾದ್ರೂ ಕೇಳಿದ್ರಾ? ಇಲ್ಲ! ಇವತ್ತು ಪೂರ್ತಿ ಅದೇ ಮಾತು.

ಮೊದಲು ಒಳಗೇನಿದೆ ನೋಡಿಬಿಡೋಣ. ಒಮ್ನಿ, ಈಕೋ, ಬೊಲೆರೋ, ಪಿಕಪ್, ಯಾವುದರ ಅಡಿಗೆ ಬಗ್ಗಿದ್ರೂ ಎರಡು ಹಿಂಚಕ್ರದ ನಡುವೆ ಮಧ್ಯದಲ್ಲಿ ಉಬ್ಬಿರೋ ಕಬ್ಬಿಣದ ಕೊಳವೆ ಕಾಣುತ್ತೆ. ಅದೇ ಹೌಸಿಂಗ್, ಎರಡೂ ಚಕ್ರಕ್ಕೆ ಪವರ್ ಹಂಚೋ ಡಿಫರೆನ್ಷಿಯಲ್ ಇರೋದು ಅದರೊಳಗೆ. ಎಣ್ಣೆ ಹೊರಗೆ ಬಾರದ ಹಾಗೆ ತಡೆಯೋ ಬಳೆಯೇ ಆಯಿಲ್ ಸೀಲ್. ಮುಂದಿನ ಚಕ್ರಕ್ಕೆ ಪವರ್ ಹೋಗೋ ಸಣ್ಣ ಕಾರಿನವರಿಗೆ ಡಿಫರೆನ್ಷಿಯಲ್ ಗೇರ್‌ಬಾಕ್ಸ್ ಒಳಗೇ ಇರುತ್ತೆ, ಅವರದ್ದು ಇನ್ನೊಂದು ದಿನ. ಗೇರ್‌ಬಾಕ್ಸಿಂದ ಬಂದ ಪ್ರೊಪೆಲ್ಲರ್ ಶಾಫ್ಟ್ ಟೇಲ್ ಪಿನಿಯನ್ ಅನ್ನೋ ಸಣ್ಣ ಗೇರ್ ತಿರುಗಿಸುತ್ತೆ, ಪಿನಿಯನ್ ಕ್ರೌನ್ ಅನ್ನೋ ದೊಡ್ಡ ಗೇರ್ ತಿರುಗಿಸುತ್ತೆ. ಪಿನಿಯನ್ನಿಗೆ 10 ಹಲ್ಲು, ಕ್ರೌನಿಗೆ 41 ಹಲ್ಲು ಅಂತಿಟ್ಕೊಳ್ಳಿ, ಶಾಫ್ಟ್ 4.1 ಸುತ್ತು ಸುತ್ತಿದಾಗ ಕ್ರೌನ್ ಒಂದು ಸುತ್ತು. ಕ್ರೌನಿಗೆ ಬೋಲ್ಟ್ ಆಗಿರೋ ಕೇಜ್, ಅದರೊಳಗಿನ ಅಡ್ಡ ಪಿನ್ನಿಗೆ ಸ್ಟಾರ್ ಗೇರ್, ಸ್ಟಾರಿನ ಎಡಬಲಕ್ಕೆ ಸನ್ ಗೇರ್, ಸನ್ ಗೇರಿನ ಸ್ಪ್ಲೈನಿಗೆ, ಅಂದ್ರೆ ಒಳಗಿನ ಗೀರುಗಳಿಗೆ, ಚಕ್ರ ತಿರುಗಿಸೋ ಎಕ್ಸೆಲ್. ನೇರ ರಸ್ತೆಯಲ್ಲಿ ಸ್ಟಾರ್ ತನ್ನ ಪಿನ್ ಮೇಲೆ ತಿರುಗೋದೇ ಇಲ್ಲ. ದೇವಿಮನೆ ಘಟ್ಟದ ತಿರುವಿನಲ್ಲಿ ಒಳಚಕ್ರ ಎಷ್ಟು ನಿಧಾನ ಆಯ್ತೋ, ಹೊರಚಕ್ರಕ್ಕೆ ಅಷ್ಟೇ ವೇಗ ಸೇರಿಸಿ ಕೊಡೋದು ಈ ಸ್ಟಾರ್. ಹಾಗಾಗಿ ತಿರುವಿನಲ್ಲಿ ಮಾತ್ರ ಶಬ್ದ ಬಂದ್ರೆ ಸ್ಟಾರ್, ಸನ್, ಅವುಗಳ ವಾಷರ್ ಮೇಲೆ ಅನುಮಾನ ಪಡಿ. ಆಕ್ಸಿಲರೇಟರ್ ಒತ್ತಿದಾಗ ಕೂಗಿ, ಬಿಟ್ಟಾಗ ನಿಂತ್ರೆ ಕ್ರೌನ್ ಪಿನಿಯನ್ ಮೇಲೆ. ಅವೆರಡನ್ನೂ ಜೋಡಿಯಾಗೇ ಬದಲಿಸಬೇಕು, ಒಂದನ್ನ ಮಾತ್ರ ಅಲ್ಲ.

ಇನ್ನು ಬ್ರೀದರ್. ಹೌಸಿಂಗ್ ಮೇಲ್ಭಾಗದಲ್ಲಿ ಕ್ಯಾಪ್ ಇರೋ ಸಣ್ಣ ನಿಪ್ಪಲ್. ಗಾಡಿ ಓಡಿದ ಹಾಗೆ ಒಳಗಿನ ಎಣ್ಣೆ, ಗಾಳಿ ಎರಡೂ ಬಿಸಿ ಆಗ್ತವೆ. ಹಿಗ್ಗಿದ ಗಾಳಿ ಆ ನಿಪ್ಪಲಿಂದ ಹೊರಗೆ ಹೋಗಬೇಕು. ನಮ್ಮ ಕೆಂಪು ಕೆಸರು, ಬೈತಖೋಲ್ ಬಂದರಿನ ಮೀನು ಗಾಡಿಗಳಿಗೆ ಹಿಡಿಯೋ ಉಪ್ಪಿನ ತುಕ್ಕು, ಇವೆಲ್ಲ ಸೇರಿ ಅದನ್ನ ಮುಚ್ಚಿಬಿಡುತ್ತೆ. ಆಗ ಗಾಳಿ ಎಲ್ಲಿಂದ ಹೋಗಬೇಕು? ಸೀಲಿನ ತುಟಿ ಎತ್ತಿಕೊಂಡು ಎಣ್ಣೆ ಸಮೇತ ಹೊರಗೆ! ಚಕ್ರದ ಕಡೆಯ ಸೀಲ್ ದಾಟಿದ ಎಣ್ಣೆ ಬ್ರೇಕ್ ಶೂ ಮೇಲೆ ಬೀಳುತ್ತೆ. ಘಟ್ಟದ ಇಳಿಜಾರಿನಲ್ಲಿ, ಎಣ್ಣೆ ಕುಡಿದ ಶೂ! ಸೀಲ್ ಮೂರಲ್ಲ, ಮೂವತ್ತು ಹಾಕಿ, ಸೋರುತ್ತೆ.

"ಬ್ರೀದರ್ ಮುಚ್ಚಿದ್ರೆ ಒಳ್ಳೇದೇ ಅಲ್ವಾ, ನೀರು ಒಳಗೆ ಹೋಗಲ್ಲ" ಅಂತ ಒಂದು ವಾದ ಇದೆ. ಇದರಷ್ಟು ತಲೆಬುಡ ಇಲ್ಲದ ಮಾತು ನಾನು ಕೇಳಿಲ್ಲ. ಲೆಕ್ಕ ಹಾಕಿ. ಅಡಿಕೆ ಹೇರಿಕೊಂಡು ಘಟ್ಟ ಇಳಿದಿದ್ದೀರಿ, ಹೌಸಿಂಗ್ 80 ಡಿಗ್ರಿ ಆಗಿದೆ, ಹಿಗ್ಗಿದ ಗಾಳಿ ಸೀಲಿಂದ ಹೊರಗೆ ಹೋಗಿಯಾಗಿದೆ ಅನ್ನಿ. ಕತಗಾಲದಲ್ಲಿ ಚಂಡಿಕಾ ಹೊಳೆ ರಸ್ತೆಗೆ ಬಂದಿದೆ, ಆ ನೀರಿಗೆ ಗಾಡಿ ಇಳಿಸಿದ್ರಿ. ಒಳಗಿನ ಗಾಳಿ 30 ಡಿಗ್ರಿಗೆ ಇಳಿದ್ರೆ ಒತ್ತಡ ಏಳನೇ ಒಂದು ಪಾಲು ಬೀಳುತ್ತೆ, ಅಂದ್ರೆ ಸುಮಾರು 1.5 ಮೀಟರ್ ನೀರಿನ ಒತ್ತಡ. ಸೀಲಿನ ಮುಖ್ಯ ತುಟಿ ಒಳಗಿನ ಎಣ್ಣೆ ತಡೆಯೋಕೆ ಒಳಮುಖ ಆಗಿರುತ್ತೆ, ಹೊರಗಿನ ನೀರು ತಡೆಯೋಕಲ್ಲ. ನೀರು ಒಳಗೇ ಬರುತ್ತೆ!

ಬಂದಿದೆಯಾ ಅಂತ ತಿಳಿಯೋದು ಸುಲಭ. ಗಾಡಿ ರಾತ್ರಿ ಸಮ ನೆಲದಲ್ಲಿ ನಿಲ್ಲಿಸಿ. ಬೆಳಿಗ್ಗೆ ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿ, ಆಮೇಲೆ ಡ್ರೈನ್. ಡ್ರೈನ್ ಮೊದಲು ಬಿಚ್ಚಿ, ಫಿಲ್ಲರ್ ತುಕ್ಕು ಹಿಡಿದು ಕೂತಿದ್ರೆ ಎಣ್ಣೆ ಹಾಕೋದು ಎಲ್ಲಿಂದ? ಡ್ರೈನ್ ನಿಧಾನ ಸಡಿಲಿಸಿದ್ರೆ ತಳದಲ್ಲಿ ಕೂತ ನೀರೇ ಮೊದಲು ಬರುತ್ತೆ. ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ರೆ ನೀರು ಕಲೆತು ಹೋಗಿದೆ, ಪೂರ್ತಿ ಚೆಲ್ಲಿ. ಹಾಕೋದು ಜಿಎಲ್-5 ದರ್ಜೆಯ ಗೇರ್ ಆಯಿಲ್, ದಪ್ಪ ಸಾಮಾನ್ಯವಾಗಿ 80ಡಬ್ಲ್ಯೂ-90. ಪಿನಿಯನ್ ಕ್ರೌನಿನ ಮಧ್ಯಕ್ಕಿಂತ ಕೆಳಗೆ ಕೂತಿರೋದ್ರಿಂದ ಹಲ್ಲುಗಳು ಒಂದರ ಮೇಲೊಂದು ಜಾರ್ತವೆ, ಎಂಜಿನ್ ಆಯಿಲ್ ಅಲ್ಲಿ ತಡೆಯಲ್ಲ. ಫಿಲ್ಲರ್ ರಂಧ್ರದ ಕೆಳ ಅಂಚಿಗೆ ಬಂದ್ರೆ ಸಾಕು. ಹೆಚ್ಚು ತುಂಬಿದ್ರೂ ಸೋರುತ್ತೆ.

ಪ್ರೊಪೆಲ್ಲರ್ ಶಾಫ್ಟ್ ಕಡೆಯ ಪಿನಿಯನ್ ಸೀಲ್ ಹಾಕೋವಾಗ ಪಿನಿಯನ್ನಿನ ನಟ್ ಮಿತಿ ಮೀರಿ ಬಿಗಿದ್ರೆ ಒಳಗಿನ ಸ್ಲೀವ್ ಜಜ್ಜಿ ಬೇರಿಂಗ್ ಸುಡುತ್ತೆ. ಅದಕ್ಕೆ ಬೇರೆ ವಿಡಿಯೋ ಮಾಡಿದ್ದೇನೆ, ನೋಡಿ, ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಶಿರಸಿ ಯಲ್ಲಾಪುರದ ಗಾಡಿಯವರಿಗೆಲ್ಲ ಕಳಿಸಿ.

"ಸರ್ವಿಸಿನಲ್ಲಿ ನೋಡಿರ್ತಾರೆ ಬಿಡಿ." ನೋಡಿರ್ತಾರಾ? ನೀವು ಕೇಳಿದ್ರಾ? ಬಿಲ್ಲಿನಲ್ಲಿ ಬರೆದಿದ್ರಾ? "ನಮ್ಮ ಗಾಡಿಗೆ ಇಷ್ಟು ವರ್ಷ ಏನೂ ಆಗಿಲ್ಲ." ಹಾಗಾದ್ರೆ ನಿಮ್ಮ ಬ್ರೀದರ್ ತೆರೆದಿದೆ, ಅಷ್ಟೇ!

ಪರೀಕ್ಷೆ ಹೀಗೆ. ಸ್ವಲ್ಪ ದೂರ ಓಡಿಸಿ ಬಂದು ಫಿಲ್ಲರ್ ಪ್ಲಗ್ ನಿಧಾನ ಸಡಿಲಿಸಿ. ಬಿಸಿ ಎಣ್ಣೆ, ಕೈ ಜೋಪಾನ. ಬುಸ್ ಅಂತ ಗಾಳಿ ಬಂದ್ರೆ ಬ್ರೀದರ್ ಕಟ್ಟಿದೆ. ಸುತ್ತಲಿನ ಕೆಸರು ಒರೆಸಿ, ಬಿಚ್ಚಿ, ಡೀಸೆಲ್‌ನಲ್ಲಿ ತೊಳೆದು, ಊದಿ ನೋಡಿ. ನೀರಿಗಿಳಿಯೋ ಗಾಡಿ ಆದ್ರೆ ಕ್ಯಾಪ್ ತೆಗೆದು ಎಣ್ಣೆ ತಡೆಯೋ ಹೋಸ್ ಹಾಕಿ, ಚಾಸಿಯಿಂದ ಮೇಲೆ ಬಾಡಿ ತನಕ ಒಯ್ದು, ತುದಿ ಕೆಳಮುಖ ಮಾಡಿ ಸಣ್ಣ ಫಿಲ್ಟರ್ ಕೊಡಿ. ಸ್ಪ್ರಿಂಗ್ ಕುಣಿಯೋವಷ್ಟು ಹೋಸ್ ಸಡಿಲ ಇರಲಿ, ಬಿಗಿ ಎಳೆದ್ರೆ ಕಿತ್ತು ಬರುತ್ತೆ.

ಆರಿದ್ರಾ ಮಳೆ ಹಿಡಿಯೋ ಮೊದಲು ಮಾಡಿ. ಯಾವ ಸೀಲ್ ಅಂತ ನನ್ನ ಕೇಳಲೇಬೇಡಿ, ಉತ್ತರ ಕೊಡಲ್ಲ. ಬ್ರೀದರ್! ಬ್ರೀದರಿನ ಫೋಟೋ ಹಾಕಿ, ಮುಚ್ಚಿದೆಯೋ ತೆರೆದಿದೆಯೋ ಒಂದೊಂದಕ್ಕೂ ಹೇಳ್ತೇನೆ.