ಲಿನಕ್ಸ್‌ಗೆ ಹೋಗೋದಾ, ಬೇಡವಾ?

ಕೇಳುಗರಿಗೆಲ್ಲ ನಮಸ್ಕಾರ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್‌ಗಳು ನಿಂತವು. ವಿಂಡೋಸ್ 11 ಹಾಕಿಕೊಳ್ಳೋಣ ಅಂದರೆ ಕಂಪ್ಯೂಟರಿನಲ್ಲಿ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಇರಬೇಕು, ಪ್ರೊಸೆಸರ್ ಮೈಕ್ರೋಸಾಫ್ಟಿನ ಪಟ್ಟಿಯಲ್ಲಿರಬೇಕು. ಚೆನ್ನಾಗೇ ಓಡುತ್ತಿದ್ದ ಎಷ್ಟೋ ಕಂಪ್ಯೂಟರ್‌ಗಳು ಇದರಿಂದ ಹೊರಗುಳಿದವು. ಹಾಗಾಗಿ ಈಗ ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್‌ನ ಹೆಸರು ಮತ್ತೆ ಎಲ್ಲರ ಬಾಯಲ್ಲಿ.

ಲಿನಕ್ಸ್ ಹೊಸದೇನಲ್ಲ. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಇದರ ಕರ್ನಲ್, ಅಂದರೆ ತಿರುಳಿನ ಭಾಗ, ಬರೆಯಲು ಶುರುಮಾಡಿದರು. ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಅದೇ ಕರ್ನಲ್. ಇದನ್ನು ನಂಬಬಹುದಾ ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ. ನಿಮ್ಮ ಕೆಲಸಕ್ಕೆ ಒಗ್ಗುತ್ತಾ ಅನ್ನುವುದಷ್ಟೇ ಮುಖ್ಯ.

ಹೆಚ್ಚಿನವರು ಲಿನಕ್ಸ್‌ನ ಬಗೆಗಳಲ್ಲಿ ಉಬುಂಟು ಒಳ್ಳೆಯದಾ, ಮಿಂಟ್ ಒಳ್ಳೆಯದಾ, ಫೆಡೋರಾನಾ ಅಂತ ಹುಡುಕುತ್ತಾ ಕೂರುತ್ತಾರೆ. ಅದು ಆಮೇಲಿನ ಮಾತು. ಮೊದಲು ನೀವು ದಿನಾ ತೆರೆಯುವ ಪ್ರೋಗ್ರಾಮ್‌ಗಳನ್ನು ಒಂದು ಚೀಟಿಯಲ್ಲಿ ಬರೆಯಿರಿ. ಬ್ರೌಸರ್, ಇಮೇಲ್, ವಿಡಿಯೋ, ಒಂದಿಷ್ಟು ಪತ್ರ ಬರೆಯುವುದು, ಇಷ್ಟೇ ಆದರೆ ಚಿಂತೆಯಿಲ್ಲ. ಫೋಟೋಶಾಪ್ ಇದ್ದರೆ ನಿಲ್ಲಿ. ಅದಕ್ಕೆ ಲಿನಕ್ಸ್ ಆವೃತ್ತಿ ಇಲ್ಲ. ಫೋಟೋ ತಿದ್ದಲು ಗಿಂಪ್ ಇದೆ, ಒಳ್ಳೆಯ ಪ್ರೋಗ್ರಾಮೇ. ಆದರೆ ಫೋಟೋಶಾಪ್‌ನಲ್ಲೇ ಕೈ ಪಳಗಿಸಿಕೊಂಡು ಅದರಲ್ಲೇ ದುಡಿಯುವವರಿಗೆ 'ಗಿಂಪ್ ಇದೆಯಲ್ಲ' ಅನ್ನುವುದು ಸುಮ್ನೆ ಬಾಯಿಮಾತು. ಆಟಗಳದ್ದೂ ಅಷ್ಟೇ. ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನ ಪ್ರೋಟಾನ್ ಅನ್ನುವ ಸಾಫ್ಟ್‌ವೇರ್ ಬಂದ ಮೇಲೆ ವಿಂಡೋಸ್ ಆಟಗಳು ಲಿನಕ್ಸ್‌ನಲ್ಲೂ ಬೇಕಾದಷ್ಟು ಓಡುತ್ತವೆ. ವ್ಯಾಲರಂಟ್, ಫೋರ್ಟ್‌ನೈಟ್‌ನಂಥ ಕೆಲವು ಆಟಗಳು ಓಡುವುದಿಲ್ಲ, ಅವುಗಳ ಮೋಸ ತಡೆಯುವ ವ್ಯವಸ್ಥೆ ಬಿಡುವುದಿಲ್ಲ.

ಈಗ ನಾನು ಎಲ್ಲರಿಗೂ ಹೇಳುವ ಉಪಾಯ. ಆಪರೇಟಿಂಗ್ ಸಿಸ್ಟಮ್ ಬದಲಿಸುವ ಮೊದಲು ಪ್ರೋಗ್ರಾಮ್‌ಗಳನ್ನು ಬದಲಿಸಿ. ವರ್ಡ್, ಎಕ್ಸೆಲ್ ಬದಲಿಗೆ ಲಿಬ್ರೆಆಫೀಸ್, ಬ್ರೌಸರ್ ಆಗಿ ಫೈರ್‌ಫಾಕ್ಸ್, ವಿಡಿಯೋಗೆ ವಿಎಲ್‌ಸಿ, ಫೋಟೋಗೆ ಗಿಂಪ್, ಎಲ್ಲವೂ ವಿಂಡೋಸ್‌ನಲ್ಲೂ ಸಿಗುತ್ತವೆ. ಒಂದೆರಡು ತಿಂಗಳು ಅಲ್ಲೇ ಅವುಗಳಲ್ಲಿ ಕೆಲಸ ಮಾಡಿ. ವರ್ಡ್‌ನಲ್ಲಿ ಮಾಡಿದ ಫೈಲನ್ನು ಲಿಬ್ರೆಆಫೀಸ್‌ನಲ್ಲಿ ತೆರೆದರೆ ಸಾಲುಗಳು ಕೆಲವೊಮ್ಮೆ ಅತ್ತಿತ್ತ ಸರಿಯುತ್ತವೆ. ಎಕ್ಸೆಲ್‌ನ ಮ್ಯಾಕ್ರೋಗಳು (ಕೆಲಸವನ್ನು ತಾನಾಗಿ ಮಾಡುವ ಪುಟ್ಟ ಪ್ರೋಗ್ರಾಮ್‌ಗಳು) ಕೈಕೊಡುವುದೂ ಉಂಟು. ಇಂಥ ಕಿರಿಕಿರಿ ಹಳೆಯ ಸಿಸ್ಟಮ್ ಇರುವಾಗಲೇ ಗೊತ್ತಾಗುವುದು ಒಳ್ಳೆಯದು, ಅಲ್ವಾ? ಇದನ್ನು ದಾಟಿದವರಿಗೆ ಆಮೇಲೆ ಬದಲಾಗುವುದು ಹೆಚ್ಚೂಕಮ್ಮಿ ಮೆನು, ಸೆಟ್ಟಿಂಗ್ಸ್ ಮಾತ್ರ.

ಆಮೇಲೆ ಪೆನ್‌ಡ್ರೈವ್. ಮಿಂಟ್ ಅಥವಾ ಉಬುಂಟುವಿನ ಐಎಸ್ಒ ಫೈಲ್ (ಇಡೀ ಸಿಸ್ಟಮ್ ಅಡಗಿರುವ ಒಂದೇ ಫೈಲ್) ಇಳಿಸಿಕೊಂಡು, ರೂಫಸ್‌ನಂಥ ಪ್ರೋಗ್ರಾಮಿನಿಂದ ಪೆನ್‌ಡ್ರೈವ್‌ಗೆ ಬರೆಯಿರಿ. ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ಕಂಪ್ಯೂಟರ್ ಆನ್ ಆಗುವಾಗ ಎಫ್12 ಒತ್ತಿದರೆ (ಕೆಲವು ಕಂಪನಿಗಳಲ್ಲಿ ಬೇರೆ ಕೀ) ಬೂಟ್ ಮೆನು ಬರುತ್ತದೆ. ಅಲ್ಲಿ ಪೆನ್‌ಡ್ರೈವ್ ಆರಿಸಿ. ಲಿನಕ್ಸ್ ಅದರಿಂದಲೇ ಓಡುತ್ತದೆ, ಇನ್‌ಸ್ಟಾಲ್ ಒತ್ತದಿದ್ದರೆ ಹಾರ್ಡ್‌ಡಿಸ್ಕ್ ತಂಟೆಗೆ ಹೋಗುವುದಿಲ್ಲ. ಸ್ವಲ್ಪ ನಿಧಾನ ಅನ್ನಿಸಿದರೆ ಅದು ಪೆನ್‌ಡ್ರೈವಿನದು.

ಬಂದ ಕೂಡಲೇ ವಾಲ್‌ಪೇಪರ್ ಬದಲಿಸಬೇಡಿ. ವೈಫೈ ಸಿಗುತ್ತಾ, ಸೌಂಡ್ ಬರುತ್ತಾ, ಕ್ಯಾಮೆರಾ ಕಾಣುತ್ತಾ ನೋಡಿ. ಪ್ರಿಂಟರಿನಿಂದ ಒಂದು ಹಾಳೆ ತೆಗೆಯಿರಿ. ಲ್ಯಾಪ್‌ಟಾಪ್ ಮುಚ್ಚಿ ಐದು ನಿಮಿಷ ಬಿಟ್ಟು ತೆರೆಯಿರಿ. ಕೆಲವು ಲ್ಯಾಪ್‌ಟಾಪ್‌ಗಳು ಮಲಗಿದ ಮೇಲೆ ಏಳುವುದೇ ಇಲ್ಲ. ಇಲ್ಲಿ ತೊಡಕಾದರೆ ಆ ಕಂಪ್ಯೂಟರಿಗೆ ಲಿನಕ್ಸ್ ಸದ್ಯಕ್ಕೆ ಬೇಡ ಅನ್ನಬಹುದು. ಅದರಲ್ಲಿ ನಾಚಿಕೆಯೇನಿಲ್ಲ.

ವಿಂಡೋಸ್, ಲಿನಕ್ಸ್ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬಹುದು, ಡ್ಯುಯಲ್ ಬೂಟ್ ಅಂತಾರೆ. ವಿಂಡೋಸ್‌ಗೆ ವಾಪಸ್ ಹೋದಾಗ ಗಡಿಯಾರ ಕೆಲವು ಗಂಟೆ ಹಿಂದೆಮುಂದೆ ತೋರಿಸಿದರೆ ಹೆದರಬೇಡಿ. ಕಂಪ್ಯೂಟರಿನ ಗಡಿಯಾರದಲ್ಲಿ ಇರುವುದು ಸ್ಥಳೀಯ ಸಮಯ ಅಂತ ವಿಂಡೋಸ್ ಅಂದುಕೊಳ್ಳುತ್ತದೆ, ಲಿನಕ್ಸ್ ಯುಟಿಸಿ, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಸಮಯ, ಅಂದುಕೊಳ್ಳುತ್ತದೆ.

ಇನ್‌ಸ್ಟಾಲ್ ಒತ್ತುವ ಮುಂಚೆ ಫೈಲುಗಳೆಲ್ಲ ಬೇರೊಂದು ಡಿಸ್ಕಿಗೆ ಹೋಗಿರಲಿ. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಆಗಿದೆಯಾ ಅಂತಲೂ ನೋಡಿ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಅದು ತಾನಾಗಿಯೇ ಆನ್ ಆಗಿರುತ್ತದೆ, ಮಾಲೀಕರಿಗೇ ಗೊತ್ತಿರುವುದಿಲ್ಲ. ಬೂಟ್ ಸೆಟ್ಟಿಂಗ್ಸ್ ಮುಟ್ಟಿದ ಮೇಲೆ ಅದು 48 ಅಂಕಿಯ ರಿಕವರಿ ಕೀ ಕೇಳಬಹುದು. ಅದನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಅದೇ ಕಂಪ್ಯೂಟರಿನಲ್ಲಿ ಅಲ್ಲ.

ನಮಸ್ಕಾರ.